ಕೆಂಪೆಲೆ ದಿಣ್ಣೆಯ ಹಸಿರು ಮರ

ಕಾವಲುಬೆಟ್ಟದ ಹಳೆಯ ಬಂಗಲೆಯ ಹಿಂದಿರುವ ದಿಬ್ಬಕ್ಕೆ ಕೆಂಪೆಲೆ ದಿಣ್ಣೆ ಎಂದು ಹೆಸರು. ಹೆಸರು ಕೇಳಿ ಕ್ಯಾಮೆರಾ ಹೊತ್ತು ಹತ್ತುವವರಿಗೆ ಅಲ್ಲಿ ಸಿಗುವುದು ಒಂದೇ ಒಂದು ಗಿಡ್ಡ ಮೇಪಲ್ ಮರ, ಅದೂ ಅಪ್ಪಟ ಹಸಿರು. ಎಲೆ ಮಗು ಅಂಗೈ ಬಿಚ್ಚಿದಂತೆ ಬೆರಳು ಬೆರಳಾಗಿ ಸೀಳಿರುತ್ತದೆ. ಕಡ್ಡಿಯ ಮೇಲೆ ಎದುರುಬದುರಾಗಿ ಜೋಡಿಯಾಗಿಯೇ ಹುಟ್ಟುತ್ತದೆ. ಬೀಜಗಳೂ ಜೋಡಿ; ರೆಕ್ಕೆ ಕಟ್ಟಿಕೊಂಡು ಗಿರಗಿರನೆ ತಿರುಗುತ್ತ ಬೀಳುತ್ತವೆ. ಗುರುತುಗಳೆಲ್ಲ ಸರಿಯಿವೆ, ಬಣ್ಣವೊಂದೇ ಇಲ್ಲ. ಊರಿನವರಿಗೆ ಕಣ್ಣು ಕಾಣುವುದಿಲ್ಲವೇ ಎಂದು ಬಂದವರು ನಗುತ್ತಾರೆ. ನಗಲಿ.

ಹಿಂದೆ ಒಮ್ಮೆ, ಬಂಗಲೆಯಲ್ಲಿ ದೊರೆ ಇದ್ದ ಕಾಲದಲ್ಲಿ, ಜವರಯ್ಯನೆಂಬವನು ಅಲ್ಲಿ ಮಾಲಿಯಾಗಿದ್ದನಂತೆ. ಅವನ ಒಬ್ಬಳೇ ಮಗಳು ಸಣ್ಣತಾಯಿ ನಡೆಯಲು ಕಲಿಯುವ ಮೊದಲೇ ಜ್ವರದಿಂದ ತೀರಿಕೊಂಡಳು. ಮಗುವನ್ನು ಮಣ್ಣು ಮಾಡಿದಲ್ಲಿ ಗಿಡ ನೆಡುವುದು ಅವರ ಪದ್ಧತಿ. ದೊರೆಯ ತೋಟಕ್ಕೆ ಹಡಗಿನಲ್ಲಿ ಬಂದಿದ್ದ ಕೆಂಪೆಲೆಯ ಕಸಿ ಗಿಡಗಳಲ್ಲಿ ಒಂದನ್ನು ಕೇಳಿ ತಂದು ಜವರಯ್ಯ ಈ ದಿಣ್ಣೆಯ ಮೇಲೆ ನೆಟ್ಟ. ಅವನ ಹೆಂಡತಿ ಮಾದಮ್ಮ ಬೆಟ್ಟದ ಬುಡದಿಂದ ನೀರು ಹೊತ್ತು ಅದನ್ನು ಬೆಳೆಸಿದಳು.

ಕೆಲವು ಮಳೆಗಾಲ ಕಳೆದ ಮೇಲೆ ಕಸಿಯ ಗಂಟಿನ ಕೆಳಗಿಂದ ಒಂದು ಹಸಿರು ಚಿಗುರು ಎದ್ದಿತು. ಮಗುವಿನ ಗಿಡ ಬುಡದಿಂದ ಚಿಗುರಿದರೆ ಮಗು ಮತ್ತೆ ಮಡಿಲಿಗೆ ಬರುತ್ತದೆಂಬುದು ಅವರ ಜನರ ನಂಬಿಕೆ. ಮಾದಮ್ಮ ಅದಕ್ಕೆ ಅರಿಸಿನದ ದಾರ ಕಟ್ಟಿದಳು. ಮಗಳು ಸತ್ತ ಮೇಲೆ ಮೊದಲ ಸಲ ನಕ್ಕಳು. ಆದರೆ ಆ ಚಿಗುರು ಕೆಂಪನ್ನು ಕಸಿ ಕಟ್ಟಿದ್ದ ಕೆಳಗಿನ ಹಸಿರು ಜಾತಿಯ ಬೇರಿನದು, ಚಿವುಟದಿದ್ದರೆ ಮೇಲಿನ ಕೆಂಪನ್ನು ತಿಂದು ಮುಗಿಸುತ್ತದೆ ಎಂಬುದು ಜವರಯ್ಯನಿಗೆ ಗೊತ್ತಿತ್ತು. ಬಂಗಲೆಯ ತೋಟದಲ್ಲಿ ಅಂಥವನ್ನು ಚಿವುಟುವುದೇ ಅವನ ಕೆಲಸ. ಇಲ್ಲಿ ಮಾತ್ರ ಸುಮ್ಮನಿದ್ದುಬಿಟ್ಟ. ಹಸಿರು ಕೊಬ್ಬಿತು, ಕೆಂಪು ಕೊಂಬೆಗಳು ಒಂದೊಂದಾಗಿ ಒಣಗಿದವು, ಮಾದಮ್ಮನ ಮಡಿಲೂ ತುಂಬಲಿಲ್ಲ. ಕೊನೆಯ ಕೆಂಪೆಲೆ ಉದುರಿದ ದಿನ ಅವಳು ಗಂಡನನ್ನು ಕೇಳಿದಳು.

"ಹಿಂಗಾಯ್ತದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀನು ನಗ್ತಿದ್ದೆ. ಚಿವುಟಕ್ಕೆ ಕೈ ಬರ್ನಿಲ್ಲ."

"ನಾನು ನಗ್ಲಿ ಅಂತ ನನ್ ಮಗಳ್ನ ಇನ್ನೊಂದ್ ಸತಿ ಸಾಯಕ್ಕೆ ಬುಟ್ಬುಟ್ಯಲ್ಲ."

ಆಮೇಲೆ ಸಾಯುವವರೆಗೂ ಅವಳು ಅವನೊಡನೆ ಮಾತಾಡಲಿಲ್ಲ ಎನ್ನುತ್ತಾರೆ. ಎಲ್ಲಿಗೆ ಹೊರಟೆ ಎಂದು ಯಾರು ಕೇಳಿದರೂ ಕೆಂಪೆಲೆ ದಿಣ್ಣೆಗೆ ಎನ್ನುತ್ತಿದ್ದಳಂತೆ. ಅಲ್ಲಿ ಕೆಂಪು ಎಲ್ಲಿದೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಹೆಸರು ಹಾಗೆಯೇ ನಿಂತಿತು.

ಈಗ ಹೋದರೂ ಆ ಹಸಿರು ಕೊಂಬೆಗಳ ತುಂಬ ಅರಿಸಿನದ ದಾರ ಕಾಣುತ್ತದೆ. ಮಕ್ಕಳಿಲ್ಲದ ಹೆಂಗಸರು ದೂರದೂರದಿಂದ ಬಂದು ಕಟ್ಟಿ, ಸಮಾಧಾನದಿಂದ ಇಳಿದು ಹೋಗುತ್ತಾರೆ. ಊರಿನ ಹಿರಿಯರಿಗೆಲ್ಲ ಕತೆ ಗೊತ್ತು. ಇಳಿಯುವವರ ಮುಖ ನೋಡಿ ಯಾರೂ ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟಿಲ್ಲ.