ಕುದುರೆ ದಾಟು ನಿಲ್ಲಿಸಿದ ಅರಸಿ

"ಕೇಳಿರಪ್ಪೋ ಕೇಳಿ! ಅರಸಿ ಪದ್ಮಲದೇವಿಯವರ ಅಪ್ಪಣೆ! ಈ ವರ್ಷ ಕುದುರೆ ದಾಟು ಹಬ್ಬವಿಲ್ಲ! ಅಳಿವೆಗೆ ಬೇಲಿ ಬಿದ್ದಿದೆ, ಬೇಲಿಯ ಹಿಂದೆ ಭರ್ಜಿಯವರು ನಿಂತಿದ್ದಾರೆ. ಘಟ್ಟ ಇಳಿದು ಬರುವ ಕುದುರೆಗಳಲ್ಲಿ ಒಂದೂ ಉಳಿಯುವುದಿಲ್ಲ! ಅರಸಿಯವರ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ, ಅವರನ್ನೇ ಮದುವೆಯಾಗುತ್ತೇನೆಂದರೆ ಅದೂ ಆದೀತು. ತಪ್ಪಿದವನನ್ನು ಅಳಿವೆಯ ಗೂಟಕ್ಕೆ ಕಟ್ಟುತ್ತಾರೆ. ಉಬ್ಬರ ಬಂದ ಮೇಲೆ ಸಮುದ್ರವುಂಟು, ಅವನುಂಟು!"

ಡಂಗುರ ಕೇಳಿ ಕಡಲೂರಿನ ಜನ ಬಾಗಿಲು ಹಾಕಿಕೊಂಡರು. ಮಳೆ ನಿಂತ ಮೇಲೆ ಒಡೆಯರಿಲ್ಲದ ಆ ಕುದುರೆ ಹಿಂಡು ಘಟ್ಟದಿಂದಿಳಿದು, ಅಳಿವೆ ದಾಟಿ, ಎದುರಿನ ನಡುಗಡ್ಡೆಗೆ, ಕುದ್ರುವಿಗೆ, ಹುಲ್ಲು ಮೇಯಲು ಹೋಗುವುದೇ ಊರಿನ ಹಬ್ಬವಾಗಿತ್ತು. ಹೋದ ವರ್ಷದ ಹಬ್ಬದಲ್ಲಿ ಹಿಂಡು ಬೆದರಿ, ನೀರಿನಂಚಿನಲ್ಲಿದ್ದ ಅರಸಿಯ ಅಣ್ಣನನ್ನು ತುಳಿದು ಕೊಂದಿತು. ಅಂದಿನಿಂದ ಅರಸಿಗೆ ಕುದುರೆಯ ಹೆಸರೆತ್ತಿದರೆ ಉರಿ.

ಡೋಲಿನ ಜಟ್ಟ ಮಾತ್ರ ಪಂಚೆ ಬಿಗಿದು ಹೊರಟ. ತಾಯಿ ಬೀರಮ್ಮ ಅಡ್ಡ ನಿಂತಳು.

"ನಿಂಗೆ ಎಂತ ಮರುಳು ಹಿಡಿದಿತ್ತಾ? ಅರಮನೆಯವರ ಜಗಳ ಅರಮನೆಯವರಿಗೆ. ಸುಮ್ಮನೆ ಕೂತ್ಕೊ."

"ಒಂದು ವರ್ಷ ಸುಮ್ಮನೆ ಕೂತೆ ಅಬ್ಬೆ. ಇನ್ನು ಆಗುದಿಲ್ಲ," ಎಂದ ಜಟ್ಟ.

ಅವನು ದಡ ಮುಟ್ಟುವಾಗ ಬೆಳಗಿನ ಇಳಿತ ಮುಗಿದು ನೀರು ಮೆಲ್ಲಗೆ ಏರತೊಡಗಿತ್ತು. ಅರಸಿ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು, ಕಣ್ಣಿನಲ್ಲಿ ನೀರಿಲ್ಲ, ನಿದ್ದೆಯೂ ಇಲ್ಲ. ಎದುರಿಗೆ ಇಬ್ಬರು ವರಮಹಾಶಯರು. ಒಬ್ಬ ಘಟ್ಟದ ಮೇಲಿನ ದಂಡನಾಯಕನ ಮಗ, ಇನ್ನೊಬ್ಬ ಹಡಗಿನ ಸಾಹುಕಾರ. ಇಬ್ಬರಿಗೂ ಕುದುರೆ ಬದುಕಿದರೇನು, ಸತ್ತರೇನು? ಅವರ ಕಣ್ಣು ಸಿಂಹಾಸನದ ಮೇಲೆ.

"ಮೊದಲನೆಯದು," ಎಂದಳು ಅರಸಿ. "ಎಷ್ಟು ತುಳಿದರೂ ಅದಕ್ಕೆ ನೋವಿಲ್ಲ. ಎಂಥ ಗಾಯವಾದರೂ ದಿನ ಮುಗಿಯುವುದರೊಳಗೆ ಮಾಯುತ್ತದೆ. ಅರಸನ ಹೆಸರು ಬರೆದರೂ ಅಳಿಸಿಬಿಡುತ್ತದೆ. ಏನದು?"

ದಂಡನಾಯಕನ ಮಗ ಮೀಸೆ ತಿರುವಿದ. "ತಮ್ಮ ಕರುಣೆ, ದೇವಿ!"

"ನನ್ನ ಕರುಣೆಯೇ? ಇವನನ್ನು ಕಟ್ಟಿ!"

ಸಾಹುಕಾರ ಎಷ್ಟೆಂದರೂ ನೀರಿನ ಮೇಲೆ ಬದುಕಿದವನು. "ಅಳಿವೆಯ ಮರಳು. ಉಬ್ಬರ ಬಂದರೆ ಹೆಜ್ಜೆ ಗುರುತೂ ಇಲ್ಲ, ಬರೆದ ಹೆಸರೂ ಇಲ್ಲ," ಎಂದ. ಅರಸಿ ತಲೆಯಾಡಿಸಿದಳು.

"ಎರಡನೆಯದು. ಅವಳು ಕರೆಯುವುದಿಲ್ಲ, ಹೊಡೆಯುವುದಿಲ್ಲ. ಆದರೂ ದಂಡೇ ಅವಳ ಹಿಂದೆ. ಅವಳು ನಿಂತರೆ ಎಲ್ಲವೂ ನಿಂತಂತೆ. ಯಾರವಳು?"

"ತಾವೇ, ಇನ್ಯಾರು!" ಎಂದು ಸಾಹುಕಾರ ಹಲ್ಲು ಕಿರಿದ. ಆ ಹಲ್ಲು ಮುಚ್ಚುವುದರೊಳಗೆ ಅವನೂ ಗೂಟಕ್ಕೆ ಬಿದ್ದ.

ನೀರು ಇಬ್ಬರ ಮೊಣಕಾಲಿಗೆ ಬಂತು. ಜಟ್ಟ ಮುಂದೆ ಬಂದು ಕೈಮುಗಿದ.

"ನಾನು ಹೇಳ್ತೇನೆ ತಾಯಿ. ಮೊದಲಿನದಕ್ಕೆ ಸಾಹುಕಾರರು ಹೇಳಿದ್ದೇ ಸರಿ. ಎರಡನೆಯದು ಹಿಂಡಿನ ಮುದಿ ಹೆಣ್ಣುಕುದುರೆ. ಅದು ದಡದಲ್ಲಿ ನಿಂತು ನೀರು ಮೂಸಿ, ಉಬ್ಬರ ಇಳಿಯಿತು ಅಂತ ಗೊತ್ತಾದ ಮೇಲೇ ಕಾಲಿಡ್ತದೆ. ಅಲ್ಲೀವರೆಗೆ ಯಾವ ಕುದುರೆಯೂ ಕದಲುದಿಲ್ಲ. ನಾವೂ ಉಸಿರು ಬಿಗಿಹಿಡಿದು ನಿಲ್ತೇವೆ. ಕಡೆಯ ಮರಿ ಕುದ್ರು ಹತ್ತಿದ ಮೇಲೇ ಡೋಲು."

ಅರಸಿಯ ಮುಖ ಬಿಳಿಚಿತು. ಸ್ವರ ಮಾತ್ರ ಕತ್ತಿಯಂತೆಯೇ ಇತ್ತು.

"ಮೂರನೆಯದು. ನನ್ನ ಅಣ್ಣನನ್ನು ಕೊಂದದ್ದಕ್ಕೆ ಕಾಲಿಲ್ಲ, ಕೈಯಿಲ್ಲ. ಅದು ಹುಟ್ಟಿದ ಕೂಡಲೇ ಸತ್ತಿತು. ಏನದು? ಅದನ್ನು ಹುಟ್ಟಿಸಿದವರು ಯಾರು?"

ಉತ್ತರ ಅಲ್ಲಿದ್ದ ಅರಮನೆಯವರಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಅದನ್ನು ನುಂಗಿಕೊಂಡು, ವರ್ಷವಿಡೀ ಅರಸಿಯ ಮುಂದೆ 'ಕುದುರೆ, ಕುದುರೆ' ಎಂದು ಜಪ ಮಾಡಿದ್ದರು, ಪುಣ್ಯಾತ್ಮರು. ಜಟ್ಟ ಗುಡ್ಡದ ಕಡೆ ನೋಡಿದ. ಹೇಳದಿದ್ದರೆ ಗೂಟ, ಹೇಳಿದರೂ ಗೂಟವೇ ಗಟ್ಟಿ. ಆದರೆ ಇಳಿಜಾರಿನಲ್ಲಿ ಕೆಂಪು ಧೂಳು ಎದ್ದಿತ್ತು, ಹಿಂಡು ಬರುತ್ತಿತ್ತು.

"ಸದ್ದು, ತಾಯಿ. ಡೋಲಿನ ಸದ್ದು. ಕುದುರೆ ಇನ್ನೂ ನೀರು ಮೂಸ್ತಾ ಇತ್ತು. ಬಿಸಿಲು ಏರಿತು, ಎಷ್ಟು ಹೊತ್ತು ಕಾಯುವುದು ಅಂತ ಪಲ್ಲಕ್ಕಿಯಿಂದ ಒಂದು ಕೈ ಎದ್ದು 'ಬಡಿ' ಎಂದಿತು. ಅದು ನಿಮ್ಮ ಕೈ."

ಭರ್ಜಿಗಳು ಅವನತ್ತ ತಿರುಗಿದವು.

"ಇನ್ನೂ ಉಂಟು," ಎಂದ ಜಟ್ಟ. "ಹೊತ್ತಲ್ಲದ ಹೊತ್ತು ಅಂತ ಗೊತ್ತಿದ್ದೂ, ಅರಮನೆಗೆ ಹೆದರಿ ಬಡಿದವನು ನಾನು. ಅದನ್ನು ಹುಟ್ಟಿಸಿದವರು ನಾವಿಬ್ಬರು. ಕುದುರೆಗಳದ್ದು ಎಂತ ತಪ್ಪು?"

ನೀರು ಗೂಟದವರ ಎದೆಗೆ ಬಂದಿತ್ತು. ಸಾಹುಕಾರ ಬೊಬ್ಬೆ ಹಾಕುತ್ತಿದ್ದ. ಅರಸಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ಇದನ್ನು ಒಬ್ಬರಾದರೂ ನನ್ನೆದುರು ಹೇಳಲಿ ಎಂದು ಕಾದೆ," ಎಂದಳು ಕೊನೆಗೆ. "ಎಲ್ಲರೂ ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಿದರು. ಅವರ ಸಮಾಧಾನ ಕೇಳಿ ಕೇಳಿ ನನಗೆ ಕುದುರೆಗಳನ್ನು ಕೊಲ್ಲುವಷ್ಟು ಸಿಟ್ಟು ಬಂತು. ಕೇಳು, ಏನು ಬೇಕು?"

"ಇವರನ್ನು ಬಿಚ್ಚಿಸಿ, ಬೇಲಿ ಕೀಳಿಸಿ. ಮತ್ತೆ ನನಗೇನು ಶಿಕ್ಷೆಯೋ ಕೊಡಿ."

"ನಿನಗೆ ಶಿಕ್ಷೆ ಕೊಟ್ಟರೆ ನನಗೆ ಯಾರು ಕೊಡುವುದು?" ಎಂದು ಅರಸಿ ಕಟ್ಟೆಯಿಂದ ಇಳಿದಳು. "ಇಂದಿನಿಂದ ಈ ದಡದ ಯಜಮಾನಿಕೆ ನಿನ್ನದು, ಮೇಲಿನ ಗದ್ದೆಯೂ ನಿನ್ನದು. ದಾಟಿನ ದಿನ ಅರಮನೆಯ ಮಾತು ಇಲ್ಲಿ ನಡೆಯುವುದಿಲ್ಲ. ನನ್ನದೂ."

ಇಬ್ಬರು ವರರೂ ಒದ್ದೆ ಬಟ್ಟೆಯಲ್ಲೇ ಊರು ಬಿಟ್ಟರು. ಸಂಜೆಯ ಇಳಿತದ ಹೊತ್ತಿಗೆ ಬೇಲಿ ಇರಲಿಲ್ಲ. ಬಾಗಿಲು ಹಾಕಿಕೊಂಡಿದ್ದವರೆಲ್ಲ ದಡದಲ್ಲಿದ್ದರು. ಮುದಿ ಕುದುರೆ ಬಂದು ನೀರಿನಂಚಿನಲ್ಲಿ ನಿಂತಿತು. ಹಿಂದೆ ಹಿಂಡು. ಅಣ್ಣ ಬಿದ್ದ ಜಾಗದಲ್ಲೇ ಅರಸಿ ನಿಂತಿದ್ದಳು, ಜಟ್ಟನ ಪಕ್ಕದಲ್ಲಿ. ವರ್ಷದಿಂದ ಬಾರದ ಅಳು ಅವಳಿಗೆ ಆಗಲೇ ಬಂತು. ಕುದುರೆ ನೀರು ಮೂಸುತ್ತಲೇ ಇತ್ತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೈಯೆಲ್ಲ ನಡುಗುತ್ತಿದ್ದರೂ ಒಂದು ಸದ್ದೂ ಹೊರಬಿಡಲಿಲ್ಲ. ಕುದುರೆ ನೀರಿಗೆ ಕಾಲಿಟ್ಟಿತು, ಹಿಂಡು ಹಿಂಬಾಲಿಸಿತು. ಕಡೆಯ ಮರಿ ತಡವರಿಸಿ, ಎದ್ದು, ಕುದ್ರುವಿನ ಹುಲ್ಲು ಹತ್ತಿತು.

ಜಟ್ಟ ಮೆಲ್ಲಗೆ ಹೇಳಿದ, "ದಾಟಿದವು. ಇನ್ನು ಅಳಿ ತಾಯಿ."