ಸೋಮವಾರದ ಚೀಟಿ

"ಗುರುಗಳೇ, ಅರ್ಜಿ ಹಿಡಿದು ಬಂದವರಿಗೆ ನಾನು ಒಂದು ದಿನವೂ ಇಲ್ಲ ಅಂದವನಲ್ಲ. ಸೋಮವಾರ ಬನ್ನಿ ಎಂದಷ್ಟೇ ಹೇಳುತ್ತೇನೆ. ಆದರೂ ಜನ ನನ್ನನ್ನು ಕಲ್ಲೆದೆಯವನು ಅನ್ನುತ್ತಾರಲ್ಲ, ಯಾಕೆ?" ಮಠದ ಕಚೇರಿ ನೋಡಿಕೊಳ್ಳುವ ಶಿಷ್ಯ ಮರುಳಸಿದ್ಧ ಕೇಳಿದ.

ಗುರುಗಳು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

ಒಂದು ರೇವುಪಟ್ಟಣ. ಅಲ್ಲಿಗೆ ವೈದ್ಯವಿದ್ಯೆ ಕಲಿಯಲು ಕಡಲಾಚೆಯಿಂದ ಒಬ್ಬ ವಿದ್ಯಾರ್ಥಿ ಬಂದ. ಕೈಯಲ್ಲಿದ್ದದ್ದು ಮುಗಿಯಿತು. ಇನ್ನು ದುಡಿದು ಉಂಡರೆ ಓದು, ಇಲ್ಲದಿದ್ದರೆ ಬಂದ ಹಡಗಿನಲ್ಲೇ ವಾಪಸ್ಸು. ಔಷಧದ ಅಂಗಡಿಯವಳೊಬ್ಬಳು, "ಬೇರು ಅರೆಯುವ ಕೆಲಸ ಇದೆಯಪ್ಪ. ಅಮಾವಾಸ್ಯೆವರೆಗೆ ನಿನಗೇ ಇಟ್ಟಿರುತ್ತೇನೆ. ಹೊರನಾಡಿನವನು ನೀನು, ಕಚೇರಿಯಿಂದ ಕೆಲಸದ ಚೀಟಿ ತಂದುಬಿಡು" ಅಂದಳು.

ಕಚೇರಿಯಲ್ಲಿ ಎರಡು ಕೋಣೆ. ಕೆಲಸದ ಚೀಟಿ ಕೊಡುವ ಗುಮಾಸ್ತ, "ಅದಕ್ಕೇನಂತೆ, ವಾಸದ ಚೀಟಿ ತನ್ನಿ, ಬರೆದುಕೊಡೋಣ" ಅಂದ. ವಾಸದ ಚೀಟಿ ಕೊಡುವವನು ಎದುರು ಕೋಣೆಯಲ್ಲಿದ್ದ. ಅವನೂ ನಗುತ್ತಲೇ, "ಕೆಲಸದ ಚೀಟಿ ತನ್ನಿ, ಆಗಿಹೋಯಿತು ಅಂದುಕೊಳ್ಳಿ" ಅಂದ.

ಅವರಿಬ್ಬರೂ ಭಾವಮೈದುನರು. ಒಂದು ಮದುವೆ ಪಂಕ್ತಿಯಲ್ಲಿ ಭಾವನ ಹೋಳಿಗೆಗೆ ತುಪ್ಪ ಬೀಳಲಿಲ್ಲ. ತುಪ್ಪ ಬಡಿಸುತ್ತಿದ್ದ ಮೈದುನ ಬೇಕೆಂದೇ ದಾಟಿಸಿದ ಅಂತ ಅವನು ಎಲೆ ಬಿಟ್ಟು ಎದ್ದ. ಅವನ ಹೆಂಡತಿಯೋ ತಮ್ಮನ ಪಕ್ಷ ಹಿಡಿದು ಮೂರು ತಿಂಗಳು ತೌರಿನಲ್ಲೇ ಕೂತಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮೊದಲು ಮುದ್ರೆ ಒತ್ತಿದವನೇ ಸೋತ ಹಾಗೆ. ಊರಿನ ನಾಯಿಗೂ ಗೊತ್ತಿದ್ದ ಸಂಗತಿ ಇದು. ಊರಿನವರು ಒಬ್ಬನಿಗೆ ತಾಯಿ, ಇನ್ನೊಬ್ಬನಿಗೆ ಅತ್ತೆಯಾದ ಮುದುಕಿಯ ಬಾಯಲ್ಲಿ ಹೇಳಿಸಿ ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಕಡಲಾಚೆಯವನಿಗೆ ಇದನ್ನೆಲ್ಲ ಹೇಳುವವರು ಯಾರು?

ವಿದ್ಯಾರ್ಥಿ ಆ ಕೋಣೆಗೂ ಈ ಕೋಣೆಗೂ ಅಲೆದ. ಅಕ್ಷರ ದುಂಡಗಿಲ್ಲವೇನೋ ಎಂದು ಅರ್ಜಿಯನ್ನು ಮತ್ತೆ ಬರೆದ. ಚಪ್ಪಲಿ ಮೆಟ್ಟಿ ಒಳಗೆ ಹೋದದ್ದೇ ತಪ್ಪೇನೋ ಎಂದು ಬರಿಗಾಲಲ್ಲಿ ಹೋದ. "ನನ್ನಿಂದ ಏನು ತಪ್ಪಾಗಿದೆ ಸ್ವಾಮಿ?" ಎಂದು ಕೇಳಿದರೆ, "ಛೆ ಛೆ, ನಿಮ್ಮದೇನು ತಪ್ಪು? ಸೋಮವಾರ ಬನ್ನಿ" ಅನ್ನುತ್ತಿದ್ದರು. ತಪ್ಪಿಲ್ಲ, ಚೀಟಿಯೂ ಇಲ್ಲ. ಅವನಿಗೆ ತಲೆಬುಡ ತಿಳಿಯಲಿಲ್ಲ.

ಅವನ ಪಾಡು ಕೇಳಿ ಪಕ್ಕದ ಊರಿನ ವೈದ್ಯ ಹೇಳಿಕಳಿಸಿದ: "ಇಲ್ಲಿ ಚೀಟಿಗೀಟಿ ಯಾರೂ ಕೇಳುವುದಿಲ್ಲ. ಬಾ, ಕೆಲಸವೂ ಆಯಿತು, ಪಾಠವೂ ಆಯಿತು." ವಿದ್ಯಾರ್ಥಿ ಹೋಗಲಿಲ್ಲ. ಅವನ ನಾಡಿನಲ್ಲಿ ದೊಡ್ಡವರು ಇಂಥ ದಿನ ಬಾ ಅಂದರೆ ಕೆಲಸ ಆದಂತೆಯೇ. ಇಬ್ಬರೂ ಸೋಮವಾರ ಅಂದಿದ್ದಾರೆ, ಈಗ ಬಿಟ್ಟುಹೋದರೆ ಅವರಿಗೆ ಅವಮಾನ ಅಂದುಕೊಂಡ. ವೈದ್ಯ ಕಾದು ಕಾದು ಬೇರೆಯವನನ್ನು ಇಟ್ಟುಕೊಂಡ. ಅಮಾವಾಸ್ಯೆ ಕಳೆಯಿತು, ಅಂಗಡಿಯವಳೂ ಇನ್ನೊಬ್ಬನನ್ನು ಕರೆದಳು. ವಿದ್ಯಾರ್ಥಿ ಹಡಗು ಹತ್ತಿದ. ತಾನು ಎಡವಿದ್ದೆಲ್ಲಿ ಎಂದು ಊರು ಮುಟ್ಟುವವರೆಗೂ ಯೋಚಿಸುತ್ತಲೇ ಇದ್ದ.

ಮರುಳಸಿದ್ಧ ಲೊಚಗುಟ್ಟಿದ. "ಪಾಪ. ಆದರೂ ಗುರುಗಳೇ, ಆ ಗುಮಾಸ್ತರು ಅವನಿಗೆ ಒಂದು ಕೆಟ್ಟ ಮಾತು ಆಡಲಿಲ್ಲ ನೋಡಿ."

"ಆಡಲಿಲ್ಲ. ಆದರೆ 'ಇಲ್ಲ' ಅನ್ನುವಷ್ಟು ಕರುಣೆಯೂ ಇಬ್ಬರಲ್ಲಿ ಒಬ್ಬನಿಗೂ ಇರಲಿಲ್ಲ."