ನೀರು ಕುಡಿದ ಗಾಡಿ

ಹುಬ್ಬಳ್ಳಿಯ ರಾಚಪ್ಪ ಶೆಟ್ಟರು ಹಳೆಯ ಐಷಾರಾಮಿ ಗಾಡಿಗಳನ್ನು ಮಾರುತ್ತಿದ್ದರು. ಅವರ ಅಂಗಡಿಯ ಮೆಕ್ಯಾನಿಕ್ ದಾವಲಸಾಬ ಪರೀಕ್ಷೆ ಮಾಡಿ ವರದಿಗೆ ಸಹಿ ಹಾಕಿದರೆ ಜನ ನಂಬಿ ಕೊಳ್ಳುತ್ತಿದ್ದರು.

ಒಂದು ಮುಂಜಾನೆ ದೊಡ್ಡದೊಂದು ಎಸ್‌ಯುವಿ ಬಂತು. ಚರ್ಮದ ಸೀಟು, ಗಾಜಿನ ಚಾವಣಿ, ಹೊಸದರ ಹಾಗೆ ಹೊಳೆಯುತ್ತಿತ್ತು. ದಾವಲಸಾಬ ನೆಲಹಾಸು ಎತ್ತಿದ. ಅಡಿಯಲ್ಲಿ ಒಣಗಿದ ಕೆಸರು. ಹೊಳೆ ನೀರಿನಲ್ಲಿ ಮುಳುಗಿದ್ದ ಗಾಡಿ. ಬ್ರೇಕಿನ, ಏರ್‌ಬ್ಯಾಗಿನ ವೈರುಗಳೆಲ್ಲ ತುಕ್ಕು ಹಿಡಿದಿದ್ದವು. ಅವನು ಶೆಟ್ಟರನ್ನು ಕರೆದು ತೋರಿಸಿದ.

"ಮಧ್ಯಾಹ್ನ ಡಾಕ್ಟರ್ ಬಾಯಾರು ಇದನ್ನ ಕೊಳ್ಳಾಕ ಮಕ್ಕಳನ್ನ ಕರ್ಕೊಂಡು ಬರ್ತಾರ. ಗಾಡಿಗೆ ಯಾವ ದೋಷಾನೂ ಇಲ್ಲ ಅಂತ ಬರಿ. ಇಲ್ಲಾಂದ್ರ ನಾಳಿಂದ ಬರಬ್ಯಾಡ" ಅಂದರು ಶೆಟ್ಟರು.

"ಬರೀತೀನ್ರಿ ಸಾವ್ಕಾರ್ರ. 'ಅಂಗಡಿ ಮಾಲಕರ ಮನಿಮಂದೀನ ಇದರಾಗ ಓಡಾಡ್ಯಾರ' ಅಂತ ಒಂದು ಸಾಲು ಸೇರಿಸಿದ್ರ ಬಾಯಾರು ಕಣ್ಣುಮುಚ್ಚಿ ತಗೋತಾರ."

ಶೆಟ್ಟರಿಗೆ ಖುಷಿಯಾಯಿತು. "ಬರಿ, ಬರಿ."

"ಸುಳ್ಳು ಯಾಕ ಬರೀಬೇಕ್ರಿ?" ದಾವಲಸಾಬ ಕೂಸನ್ನೆತ್ತಿಕೊಂಡು ಅಲ್ಲೇ ನಿಂತಿದ್ದ ಶೆಟ್ಟರ ಮಗಳ ಕಡೆ ತಿರುಗಿದ. "ಅಕ್ಕಾರು ಕೂಸಿನ ಜೋಡಿ ಈಗ ಬೆಳಗಾವಿಗೆ ಹೊಂಟಾರಲ್ಲ, ಇದರಾಗ ಹೋಗಲಿ."

ಮಗಳು ಕೀಲಿಕೈಗೆ ಕೈ ಚಾಚಿದಳು.

"ಬ್ಯಾಡವ್ವಾ" ಅಂದುಬಿಟ್ಟರು ಶೆಟ್ಟರು.

"ಯಾಕಪ್ಪಾ?"

ಶೆಟ್ಟರು ಮಗಳ ಕಂಕುಳಲ್ಲಿದ್ದ ಕೂಸನ್ನು ನೋಡಿ ಕೀಲಿಕೈ ಜೇಬಿಗೆ ಹಾಕಿಕೊಂಡರು.

"ಏನಂತ ಬರೀಲ್ರಿ?" ದಾವಲಸಾಬ ಮೆಲ್ಲಗೆ ಕೇಳಿದ.

"ನೀರು ಕುಡಿದ ಗಾಡಿ ಅಂತ ಬರಿ." ಶೆಟ್ಟರು ವರದಿಯ ಹಾಳೆಯನ್ನು ಅವನ ಕಡೆ ತಳ್ಳಿದರು. "ನಾಳಿಂದ ನೀ ಮಾತ್ರ ಬರಬ್ಯಾಡ."

"ಗೊತ್ತೈತ್ರಿ" ಅಂದ ದಾವಲಸಾಬ. "ಕೆಸರು ಕಂಡಾಗನ ನನ್ನ ಪಾನಾ, ಸುತ್ತಿಗಿ ಎಲ್ಲಾ ಚೀಲಕ್ಕ ತುಂಬೀನ್ರಿ."